ಲಾಕ್ರಿಮೋಸಾ ಮುಗಿಯದ ಕ್ಯಾಸೆಟ್ಟು

ನನ್ನ ಹತ್ತಿರ ವೆರ್ಡಿಯ ರೆಕ್ವಿಯೆಮ್‌ನ 37 ಧ್ವನಿಮುದ್ರಣಗಳಿವೆ. ಸತ್ತವರಿಗಾಗಿ ಚರ್ಚಿನಲ್ಲಿ ನಡೆಯುವ ಪೂಜೆಯ ಲ್ಯಾಟಿನ್ ಪದಗಳಿಗೆ ಇಟಲಿಯ ಆ ಸಂಗೀತಗಾರ ಕಟ್ಟಿದ ದೊಡ್ಡ ಸಮೂಹಗಾನ ಅದು. ಹೆಚ್ಚಿನವು ಲೈವ್. ಅಂದರೆ ಯಾವುದೋ ಊರಿನ ಯಾವುದೋ ಸಭಾಂಗಣದಲ್ಲಿ ಒಂದು ಸಂಜೆ ನಡೆದ ಕಛೇರಿಯನ್ನು ರೇಡಿಯೋದವರೋ ಮನೆಯಲ್ಲಿ ಕೂತ ಕೇಳುಗರೋ ಹಿಡಿದಿಟ್ಟದ್ದು. 36ಕ್ಕೆ ಊರು, ತಾರೀಖು, ಹಾಡಿದವರ ಹೆಸರು ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಉಳಿದ ಒಂದು, ಎಲ್ಲಕ್ಕಿಂತ ಮೊದಲು ನನ್ನ ಕೈಗೆ ಬಂದದ್ದು, ಯಾರದ್ದು, ಎಲ್ಲಿಯದ್ದು ಎಂದು 30 ವರ್ಷ ದಾಟಿದರೂ ಗೊತ್ತಾಗಿಲ್ಲ. ನೋಟ್‌ಬುಕ್ಕಿನ ಮೊದಲ ಸಾಲು ಖಾಲಿ. ಹೊಸದೊಂದು ಸಿಕ್ಕಾಗಲೆಲ್ಲ ನಾನು ಮೊದಲು ನೋಡುವುದು ಅದು ಚೆನ್ನಾಗಿದೆಯೋ ಇಲ್ಲವೋ ಎಂದಲ್ಲ. ಇದೇ ಅದಾ ಎಂದು.

ಅದೊಂದು ಸಿ-90 ಕ್ಯಾಸೆಟ್ಟು. 1993ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ಓದುವಾಗ ಬನ್ನಿಮಂಟಪದ ಕಡೆಯಿಂದ ಬರುತ್ತಿದ್ದ ಗೆಳೆಯನೊಬ್ಬ ಕೊಟ್ಟದ್ದು. ಅವನ ಅಪ್ಪ ಚಿಕ್ಕಂದಿನಿಂದ ಸಂತ ಫಿಲೋಮಿನಾ ಚರ್ಚಿನ ಗಾಯನ ತಂಡದಲ್ಲಿದ್ದವರು. ಮನೆಯಲ್ಲಿ ಇಂಥವು ಒಂದು ಟ್ರಂಕು ತುಂಬ ಇದ್ದವಂತೆ. ಲೇಬಲ್ಲಿನ ಮೇಲೆ ಪೆನ್ಸಿಲ್‌ನಲ್ಲಿ ‘ವೆರ್ಡಿ’ ಅಂತ ಒಂದೇ ಪದ. ಟೇಪು ಸಡಿಲವಾಗಿತ್ತು. ಪೆನ್ಸಿಲೊಂದನ್ನು ಹಲ್ಲಿನ ಚಕ್ರಕ್ಕೆ ತೂರಿಸಿ ಸುತ್ತಿ ಬಿಗಿ ಮಾಡಿ ಹಾಸ್ಟೆಲಿನ ರೂಮಿನಲ್ಲಿ ಹಾಕಿದೆ. ಮೊದಲು ಏನೂ ಕೇಳಿಸಲಿಲ್ಲ. ಟೇಪಿನ ಸುಯ್ ಸದ್ದೊಂದೇ. ಆಮೇಲೆ ಗೋಡೆಯಾಚೆಯಿಂದ ಬಂದ ಹಾಗೆ ಚೆಲ್ಲೋಗಳು, ಅಂದರೆ ತಗ್ಗು ದನಿಯ ದೊಡ್ಡ ಪಿಟೀಲುಗಳು, ಮೂರು ಸ್ವರ ಇಳಿದವು. ಅದರ ಮೇಲೆ ನೂರಾರು ಜನ ಒಟ್ಟಿಗೆ, ಪಿಸುಗುಟ್ಟಿದ ಹಾಗೆ, ‘ರೆಕ್ವಿಯೆಮ್’ ಎಂದರು. ಹಾಡಿದರು ಅನ್ನುವುದಕ್ಕಿಂತ ಅಂದರು ಅನ್ನುವುದೇ ಸರಿ. ಪದದ ಅರ್ಥ ವಿಶ್ರಾಂತಿ ಅಂತ ಆಮೇಲೆ ಗೊತ್ತಾಯಿತು. ಆದರೆ ಇದು ಸಾವಿನ ಮನೆ ಅಂತ ಆಗಲೇ ಗೊತ್ತಾಗಿತ್ತು.

ಸಿ-90 ಅಂದರೆ ಒಂದೊಂದು ಕಡೆ 45 ನಿಮಿಷ. ಈ ಕೃತಿಯ ಮೊದಲ ಭಾಗ ಹೆಚ್ಚುಕಡಿಮೆ 9 ನಿಮಿಷ, ಎರಡನೆಯದಾದ ಡಿಯೆಸ್ ಈರೇ (ಕ್ರೋಧದ ದಿನ) 35ರಿಂದ 40 ನಿಮಿಷ. ಕೂಡಿಸಿ ನೋಡಿ, ಸರಿಯಾಗಿ ಟೇಪಿನ ತುದಿಗೆ ಬರುತ್ತದೆ. ಮೇಳವನ್ನು ಚುರುಕಾಗಿ ನಡೆಸುವ ನಿರ್ದೇಶಕನಾದರೆ ಡಿಯೆಸ್ ಈರೇಯ ಕೊನೆಯ ಭಾಗ ಲಾಕ್ರಿಮೋಸಾ ಪೂರ್ತಿ ಹಿಡಿಸುತ್ತದೆ. ನಿಧಾನ ಮಾಡುವವನಾದರೆ ಇಲ್ಲ. ನನ್ನ ಕ್ಯಾಸೆಟ್ಟಿನವನು ನಿಧಾನದವನು. ‘ಕಣ್ಣೀರಿನ ಆ ದಿನ’ ಎಂದು ಹೆಂಗಸಿನ ದನಿ ಶುರುಮಾಡುತ್ತದೆ, ಗಂಡಸಿನ ದನಿ ಸೇರಿಕೊಳ್ಳುತ್ತದೆ, ಹಿಂದೆ ಮೇಳ ಏರುತ್ತದೆ, ಅಳು ಗಂಟಲಿಗೆ ಬಂದು ನಿಂತಿದೆ ಅನ್ನುವಾಗ ಟಕ್ ಎಂದು ಗುಂಡಿ ಮೇಲೇಳುತ್ತಿತ್ತು. ಮಗ್ಗುಲು ತಿರುಗಿಸಿ ಹಾಕಿದರೆ ಮುಂದಿನ ಭಾಗ. ಏಳು ವರ್ಷ ನಾನು ಈ ಕೃತಿಯನ್ನು ಹೀಗೇ ಕೇಳಿದೆ. ಲಾಕ್ರಿಮೋಸಾದ ಕೊನೆಗೆ ಒಂದು ‘ಆಮೆನ್’ ಇದೆ, ಎಲ್ಲೂ ಇರದ ಒಂದು ಬೆಳಕು ಅಲ್ಲಿ ಒಂದು ಕ್ಷಣ ತೆರೆದು ಮುಚ್ಚಿಕೊಳ್ಳುತ್ತದೆ ಅನ್ನುವುದು 2000ದಲ್ಲಿ ಸಿ.ಡಿ. ಕೊಂಡ ಮೇಲೆ ಗೊತ್ತಾಯಿತು. ಕೇಳಿ ಬೆರಗಾದೆ. ಆದರೂ ಕೈ ಮಾತ್ರ ತಾನೇ ಗುಂಡಿಯ ಕಡೆ ಹೋಗಿತ್ತು.

ತಾತನ ರಾತ್ರಿ

ಹಾಸ್ಟೆಲಿನಲ್ಲಿ ಆ ಮೊದಲ ಸಲ ನನಗೆ ಇಟಲಿ ಕಾಣಲಿಲ್ಲ. ಮದ್ದೂರು ತಾಲ್ಲೂಕಿನ ನಮ್ಮೂರು ಕಂಡಿತು. 1984ರಲ್ಲಿ ತಾತ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ತಾತ ಊರಿನ ಭಜನೆ ಮೇಳದ ಮುಂದಾಳು. ಶನಿವಾರ ಶನಿವಾರ ದೇವಸ್ಥಾನದ ಪಡಸಾಲೆಯಲ್ಲಿ ಹಾರ್ಮೋನಿಯಂ ಹಿಡಿದು ಕೂರುತ್ತಿದ್ದವರು. ಅವರನ್ನು ಸಂಜೆ ಜಗುಲಿಯ ಮೇಲೆ ಒರಗಿಸಿ ಕೂರಿಸಿದರು. ಬೆಂಗಳೂರಿನಿಂದ ದೊಡ್ಡಪ್ಪ ಬರಬೇಕಿತ್ತು, ಮಣ್ಣು ಬೆಳಿಗ್ಗೆಗೆ ಅಂತ ಆಯಿತು. ಅದೇ ಮೇಳ ಬಂದು ಅವರೆದುರಿಗೇ ಕೂತಿತು. ಹಾರ್ಮೋನಿಯಂ ಅವರದ್ದೇ, ನುಡಿಸಿದವರು ಬೇರೆ. ಒಬ್ಬರು ಪದ ಎತ್ತುವುದು, ಅದರ ಕೊನೆಯ ಅಕ್ಷರ ಮುಗಿಯುವ ಮೊದಲೇ ಉಳಿದವರು ಹಿಡಿದುಕೊಳ್ಳುವುದು. ಹದಿನೈದೋ ಇಪ್ಪತ್ತೋ ಗಂಡಸರು, ಬೀಡಿ ಸೇದಿದ ಗಂಟಲುಗಳು, ತಾಳ, ಗೆಜ್ಜೆಕೋಲು. ನಾನು ಅಜ್ಜಿಯ ತೊಡೆಯ ಮೇಲೆ ತೂಕಡಿಸುತ್ತಿದ್ದೆ. ಪಕ್ಕದ ಮನೆ ಅಯ್ಯ ಭುಜ ಹಿಡಿದು ಅಲ್ಲಾಡಿಸಿ, “ಮನೀಕಬ್ಯಾಡ ಕನ್ಲಾ ಮಗ. ತಾತನ್ನ ಒಬ್ಬನ್ನೇ ಬುಡಬಾರ್ದು, ಬೆಳಗಾನ” ಅಂದರು. ಭಜನೆ ಯಾಕೆ ಅಂತ ನನಗೆ ಯಾರಾದರೂ ಹೇಳಿಕೊಟ್ಟದ್ದು ಅಷ್ಟೇ. ಸತ್ತವರನ್ನು ಒಂಟಿ ಬಿಡಬಾರದು, ಅದಕ್ಕೆ ಹಾಡಬೇಕು.

ಬೆಳಗಿನ ಜಾವ ತಮಟೆಯವರು ಬಂದು ಬೇಲಿ ಪಕ್ಕ ಒಣ ಸೋಗೆಗೆ ಬೆಂಕಿ ಹಾಕಿ ತಮಟೆ ಕಾಯಿಸಿದರು. ಚಳಿಗೆ ಚರ್ಮ ಇಳಿದಿರುತ್ತದೆ, ಕಾಯಿಸಿದರೆ ಬಿಗಿಯುತ್ತದೆ. ಒಬ್ಬ ಕಾಯಿಸಿ ಬೆರಳಿನಿಂದ ಒಮ್ಮೆ ತಟ್ಟಿ ನೋಡುವುದು, ಮತ್ತೆ ಬೆಂಕಿಗೆ ಹಿಡಿಯುವುದು. ಸದ್ದು ಒಣಗಿ ಬರುವ ತನಕ. ಡಿಯೆಸ್ ಈರೇಯಲ್ಲಿ ದೊಡ್ಡ ನಗಾರಿಯೊಂದು ಮೇಳದ ಲಯಕ್ಕೆ ಎದುರಾಗಿ ಬೀಳುತ್ತದೆ. ಆ ಜಾಗದಲ್ಲಿ ವೆರ್ಡಿ ತನ್ನ ಬರಹದಲ್ಲೇ ಸೂಚನೆ ಕೊಟ್ಟಿದ್ದಾನೆ: ನಗಾರಿಯ ಹಗ್ಗ ಚೆನ್ನಾಗಿ ಬಿಗಿದಿರಬೇಕು, ಹೊಡೆತ ಒಣಗಿರಬೇಕು, ಜೋರಾಗಿರಬೇಕು. ಓದಿದ ದಿನ ಆ ಸೋಗೆಯ ಬೆಂಕಿಯ ವಾಸನೆ ಮೂಗಿಗೆ ಬಂತು. ಬಹಳ ರೆಕಾರ್ಡಿಂಗುಗಳಲ್ಲಿ ಆ ನಗಾರಿ ಗುಮ್ಮೆನ್ನುತ್ತದೆ, ಹಸಿ ಚರ್ಮದ ಹಾಗೆ. ಒಣ ಹೊಡೆತ ಕೇಳಿಸುವುದು ನನ್ನ 37ರಲ್ಲಿ ಐದಾರಲ್ಲಿ ಮಾತ್ರ.

ಒಂದು ವಿಷಯ ಇಲ್ಲಿ ಹೇಳಬೇಕು, ಯಾಕೆಂದರೆ ಮುಂದಿನದೆಲ್ಲ ಅದರಿಂದಲೇ ಹುಟ್ಟಿದ್ದು. ಆ ರಾತ್ರಿ ನಮ್ಮ ಮನೆಯಲ್ಲಿ ಟೇಪ್ ರೆಕಾರ್ಡರ್ ಇತ್ತು. ದೊಡ್ಡಪ್ಪ ಹಿಂದಿನ ಯುಗಾದಿಗೆ ತಂದುಕೊಟ್ಟಿದ್ದ ಟೂ-ಇನ್-ಒನ್. ಕೆಂಪು ಗುಂಡಿ ಒತ್ತಿದರೆ ರೆಕಾರ್ಡ್ ಆಗುವಂಥದ್ದು. ಸಾವಿನ ಮನೆಯಲ್ಲಿ ಹಾಡು ಹಾಕಬಾರದು ಅಂತ ಯಾರೋ ಅದನ್ನು ಎತ್ತಿ ಅಟ್ಟದ ಮೇಲೆ ಇಟ್ಟಿದ್ದರು. ತಾತನ ಮೇಳ ತಾತನಿಗೆ ಹಾಡಿದ ಒಂದೇ ರಾತ್ರಿ ಅದು. ಯಂತ್ರ ಆ ರಾತ್ರಿಯಿಡೀ ಅವರ ತಲೆಯ ಮೇಲೇ, ಹತ್ತು ಅಡಿ ಎತ್ತರದಲ್ಲಿ, ಸುಮ್ಮನೆ ಇತ್ತು. ಯಾರ ತಪ್ಪೂ ಅಲ್ಲ. ಆ ಮೇಳದಲ್ಲಿ ಈಗ ಯಾರೂ ಉಳಿದಿಲ್ಲ.

ಶ್ರುತಿ ಪೆಟ್ಟಿಗೆ ಮತ್ತು ಕೆಮ್ಮು

ಮೈಸೂರಿನಲ್ಲಿ ಲೈವ್ ರೆಕಾರ್ಡಿಂಗಿನ ಹುಚ್ಚು ಏನು ಅಂತ ಯಾರಿಗೂ ವಿವರಿಸಬೇಕಿಲ್ಲ. ಒಂಟಿಕೊಪ್ಪಲಿನ ಎಂಟನೇ ಕ್ರಾಸಿನ ಗಣೇಶನ ಕಛೇರಿಗಳಲ್ಲಿ ಮೊದಲ ಸಾಲಿನ ಮೈಕಿನ ಬುಡದಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂರುತ್ತಿದ್ದ ಹಿರಿಯರನ್ನು ನಾವೆಲ್ಲ ನೋಡಿದ್ದೇವೆ. ‘ನಿಮ್ಮ ತೋಡಿ ಕೊಡಿ, ನನ್ನ ಭೈರವಿ ಕೊಡ್ತೀನಿ’ ಎಂಬ ವಿನಿಮಯ ನಡೆದದ್ದೇ ಈ ಊರಿನ ಜಗುಲಿಗಳಲ್ಲಿ. ಆದರೆ ನನ್ನ ಸಂಗ್ರಹದ ಬಗ್ಗೆ ಅವರಲ್ಲೊಬ್ಬರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ. “ತೋಡಿ ದಿನಾ ಬೇರೆ ಆಗತ್ತೆ ಕಣಪ್ಪಾ, ಮನೋಧರ್ಮ. ನಿಂದು ಬರೆದಿಟ್ಟ ಸಂಗೀತ. ಒಂದು ಸ್ವರ ಆಚೀಚೆ ಇಲ್ಲ. ಅದನ್ನ 37 ಸಲ ಯಾಕೆ ಇಟ್ಕೋತೀಯ?” ಆಗ ನನಗೆ ಉತ್ತರ ಹೊಳೆಯಲಿಲ್ಲ. ಈಗಲೂ ಉತ್ತರ ಅನ್ನುವುದಕ್ಕಿಂತ ಒಂದು ಉದಾಹರಣೆ ಕೊಡಬಲ್ಲೆ, ಅಷ್ಟೇ.

ಆಗ್ನುಸ್ ದೇಯಿ ಅನ್ನುವ ಭಾಗ ತೆಗೆದುಕೊಳ್ಳಿ. ಅದರ ಆರಂಭದಲ್ಲಿ 13 ಅಳತೆಗಳಷ್ಟು (ನಮ್ಮಲ್ಲಿ ಆವರ್ತ ಅನ್ನುವ ಹಾಗೆ) ಹೊತ್ತು ವಾದ್ಯಗಳೇ ಇಲ್ಲ. ಇಬ್ಬರು ಹೆಂಗಸರು, ಒಂದೇ ಧಾಟಿ, ಒಬ್ಬರು ಇನ್ನೊಬ್ಬರಿಗಿಂತ ಒಂದು ಸ್ಥಾಯಿ ಮೇಲೆ. ಶ್ರುತಿಯಿಲ್ಲ, ತಾಳವಿಲ್ಲ, ಪಾಶ್ಚಾತ್ಯರ ಹಾರ್ಮನಿಯೂ ಇಲ್ಲ. ನಮ್ಮ ಕಿವಿಗೆ ಇಡೀ ಕೃತಿಯಲ್ಲಿ ಇದಕ್ಕಿಂತ ಹತ್ತಿರದ ಜಾಗ ಇನ್ನೊಂದಿಲ್ಲ. ಸ್ಟುಡಿಯೋದಲ್ಲಿ ಇದನ್ನು ಸರಿಯಾಗಿ ಬರುವ ತನಕ ಮತ್ತೆ ಮತ್ತೆ ಹಾಡಿಸಬಹುದು. ಕಛೇರಿಯಲ್ಲಿ ಆಗುವುದಿಲ್ಲ. ಹೆಚ್ಚುಕಡಿಮೆ ಒಂದು ಗಂಟೆ ಹಾಡಿ ದಣಿದ ಎರಡು ಗಂಟಲುಗಳು ಯಾವ ಆಸರೆಯೂ ಇಲ್ಲದೆ ಅಂಟಿಕೊಂಡು ನಡೆಯಬೇಕು. ಒಬ್ಬರ ಉಸಿರು ಕಡಿಮೆಯಾದರೆ ಇನ್ನೊಬ್ಬರು ಕಾಯುತ್ತಾರೆ. ಕಾಯುವುದು ಕೇಳಿಸುತ್ತದೆ! ಬರೆದಿಟ್ಟ ಸ್ವರದಲ್ಲಿ ಅದಿಲ್ಲ. 13 ಅಳತೆ ಮುಗಿದು ಮೇಳ ವಾದ್ಯಗಳೊಡನೆ ಅದೇ ಧಾಟಿಯನ್ನು ಎತ್ತಿಕೊಳ್ಳುವಾಗ ಕೆಲವು ರಾತ್ರಿ ವಾದ್ಯದ ಶ್ರುತಿಯೂ ಇವರ ಶ್ರುತಿಯೂ ಕೂಡುತ್ತವೆ, ಕೆಲವು ರಾತ್ರಿ ಒಂದು ಕೂದಲೆಳೆ ತಪ್ಪಿರುತ್ತದೆ. ತಪ್ಪಿದ ರಾತ್ರಿಗಳನ್ನೂ ನಾನು ಇಟ್ಟುಕೊಂಡಿದ್ದೇನೆ. ಆ ಹಿರಿಯರನ್ನು ಮನೆಗೆ ಕರೆದು ಈ ಭಾಗವನ್ನೇ ನಾಲ್ಕು ರೆಕಾರ್ಡಿಂಗುಗಳಿಂದ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದವರು, “ಎರಡನೇದು ಇನ್ನೊಂದ್ಸಲ ಹಾಕು” ಅಂದರು.

ಇಂಥ ಸಂಗ್ರಹದ ಕೆಲಸದಲ್ಲಿ ಕೇಳುವುದಕ್ಕಿಂತ ಪರೀಕ್ಷಿಸುವುದೇ ಹೆಚ್ಚು. ಹಳೆಯ ಟೇಪು ಒಂದು ಯಂತ್ರದಿಂದ ಇನ್ನೊಂದಕ್ಕೆ ಇಳಿಯುವಾಗ ವೇಗ ತಪ್ಪುತ್ತದೆ. ಅರ್ಧ ಮನೆ ಶ್ರುತಿ ಏರಿತೆಂದರೆ 84 ನಿಮಿಷದ ಕಛೇರಿ 79 ನಿಮಿಷಕ್ಕೆ ಮುಗಿದುಹೋಗುತ್ತದೆ. ನಿರ್ದೇಶಕನಿಗೆ ಇಲ್ಲದ ಅವಸರ ಬರುತ್ತದೆ, ಹಾಡುವವರ ಪ್ರಾಯ ಇಳಿಯುತ್ತದೆ. ಹೊಸ ಫೈಲು ಬಂದ ಕೂಡಲೇ ನಾನು ಹೆಂಡತಿಯ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆಯನ್ನು ಆರು ಮನೆಗೆ ಇಟ್ಟು ಪಕ್ಕದಲ್ಲಿ ಹಾಕುತ್ತೇನೆ. ಕೃತಿ ಶುರುವಾಗುವುದು ಆ ಶ್ರುತಿಯಲ್ಲೇ. ತಂಬೂರದ ಷಡ್ಜದ ಮೇಲೆ ಆ ಚೆಲ್ಲೋಗಳು ಬಂದು ಕೂತರೆ ಸರಿ, ಕೂರದಿದ್ದರೆ ಕಂಪ್ಯೂಟರಿನಲ್ಲಿ ವೇಗ ಇಳಿಸುವ ಕೆಲಸ. ಆಗಿನ ಕಾಲಕ್ಕೆ ಊರಿಂದೂರಿಗೆ ಶ್ರುತಿಯೇ ಸ್ವಲ್ಪ ಬೇರೆ ಇರುತ್ತಿತ್ತು, ಆದ್ದರಿಂದ ಕಣ್ಣು ಮುಚ್ಚಿ ಇದನ್ನೇ ನಂಬುವಂತಿಲ್ಲ. ಆದರೂ ಒಂದು ಅಂದಾಜು ಸಿಗುತ್ತದೆ.

ಕೆಮ್ಮು ಮಾತ್ರ ಸುಳ್ಳು ಹೇಳುವುದಿಲ್ಲ. ಒಮ್ಮೆ ಬಹಳ ಆಸೆಪಟ್ಟು, ನನ್ನ ಹತ್ತಿರ ಇದ್ದ ಅಪರೂಪದ್ದೊಂದನ್ನು ಕೊಟ್ಟು, ಇಟಲಿಯ ಯಾವುದೋ ಊರಿನ 1952ರದ್ದು ಅನ್ನಲಾದ ಕಛೇರಿಯನ್ನು ತರಿಸಿಕೊಂಡೆ. ನಿರ್ದೇಶಕನ ಹೆಸರು ಬೇರೆ, ಗಾಯಕರ ಹೆಸರು ಬೇರೆ. ರಾತ್ರಿ ಹನ್ನೊಂದಕ್ಕೆ ಹೆಡ್‌ಫೋನ್ ಹಾಕಿ ಕೂತೆ. ಆಗ್ನುಸ್ ದೇಯಿಯ ಆ ಮೌನದ ನಡುವೆ ಎಲ್ಲೋ ಒಬ್ಬ ಗಂಡಸು ಎರಡು ಸಲ ಕೆಮ್ಮಿದ, ಆಮೇಲೆ ಕುರ್ಚಿ ಕಿರ್ ಎಂದಿತು. ನನ್ನ ಎದೆ ಧಸಕ್ಕೆಂದಿತು. ಈ ಕೆಮ್ಮು ನನಗೆ ಗೊತ್ತು. ಎದ್ದು ಬೇರೊಂದು ವರ್ಷದ, ಬೇರೊಂದು ಊರಿನ ರೆಕಾರ್ಡಿಂಗ್ ತೆಗೆದು ಅದೇ ಜಾಗ ಹಾಕಿದೆ. ಅದೇ ಸ್ವರದ ಮೇಲೆ ಎರಡು ಕೆಮ್ಮು, ಒಂದು ಕುರ್ಚಿ. ಯಾರೋ ಹಳೆಯದಕ್ಕೆ ಹೊಸ ಹೆಸರು ಅಂಟಿಸಿ ಮಾರಿದ್ದರು. ಬೇಸರವಾಯಿತು, ನಿಜ. ಆದರೆ ಆ ರಾತ್ರಿ ನಾನು ಯೋಚಿಸುತ್ತ ಉಳಿದದ್ದು ಆ ಕೆಮ್ಮಿನವನ ಬಗ್ಗೆ. ಎಪ್ಪತ್ತು ವರ್ಷದ ಹಿಂದೆ ನೆಗಡಿಯಾಗಿದ್ದರೂ ಮನೆಯಲ್ಲಿ ಮಲಗದೆ ಹಾಡು ಕೇಳಲು ಬಂದವನು. ಅವನ ಹೆಸರು ಯಾರಿಗೂ ಗೊತ್ತಿಲ್ಲ, ನಾನೊಬ್ಬ ಅವನನ್ನು ಕತ್ತಲಲ್ಲೂ ಗುರುತಿಸುತ್ತೇನೆ.

ಇಟಲಿಯ ನಿರ್ದೇಶಕ ಟೋಸ್ಕಾನಿನಿಯ ಮೂರು ಲೈವ್‌ಗಳು ಇಂಥ ಸಂಗ್ರಹಕಾರರೆಲ್ಲರ ಬೆನ್ನೆಲುಬು. 1938ರ ಮೇ 27, ಲಂಡನ್ನಿನ ಕ್ವೀನ್ಸ್ ಹಾಲ್. 1940ರ ನವೆಂಬರ್ 23, ನ್ಯೂಯಾರ್ಕಿನ ಕಾರ್ನೆಗಿ ಹಾಲ್. 1951ರ ಜನವರಿ 27, ಅದೇ ಕಾರ್ನೆಗಿ ಹಾಲ್. ವೆರ್ಡಿ ತೀರಿಕೊಂಡ ದಿನಕ್ಕೆ ಸರಿಯಾಗಿ 50 ವರ್ಷ. ನಿರ್ದೇಶಕನಿಗೆ ಆಗ 83. ಈ ಮೂರನೆಯದೇ ಅಂಗಡಿಯಲ್ಲಿ ಸಿಗುತ್ತಿದ್ದ ಪ್ರಸಿದ್ಧ ರೆಕಾರ್ಡು. ಆದರೆ ಅದಕ್ಕೆ ತಾಲೀಮಿನ ತುಣುಕುಗಳನ್ನು ಬೆಸೆದಿದ್ದಾರೆ, ಶುದ್ಧವಾದ ಒಂದು ರಾತ್ರಿಯಲ್ಲ. ಮೊದಲ ಎರಡರಲ್ಲೂ ಮೇಲಿನ ಸ್ಥಾಯಿಗೆ ಹಾಡಿದವರು ಜಿಂಕಾ ಮಿಲನೋವ್. ಕೊನೆಯ ಭಾಗದಲ್ಲಿ, ವಾದ್ಯಗಳೆಲ್ಲ ನಿಂತು ಮೇಳ ಮಾತ್ರ ಉಳಿದಾಗ, ಅವರು ಒಂದು ಸ್ಥಾಯಿ ಹಾರಿ ತಾರಸ್ಥಾಯಿಯ ಸ್ವರವೊಂದನ್ನು ಉಸಿರಿನಷ್ಟೇ ಸಣ್ಣಗೆ ಹಿಡಿಯಬೇಕು. ಎರಡು ವರ್ಷದ ಅಂತರದಲ್ಲಿ ಒಂದೇ ಗಂಟಲು ಆ ಸ್ವರಕ್ಕೆ ಹೇಗೆ ಹತ್ತಿತು ಎಂದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ನನ್ನ ಭಾನುವಾರಗಳ ಕೆಲಸ. ನನಗೆ 1938ರದ್ದೇ ಹೆಚ್ಚು. ಸದ್ದು ಮಸುಕು, ಗೀರು ಬಹಳ, ಆದರೆ ಅಲ್ಲಿ ಇನ್ನೊಂದು ಕೇಳಿಸುತ್ತದೆ: ಆ ಕೋಣೆ. ಜೋರಾಗಿ ಹಾಡಿ ಥಟ್ಟನೆ ನಿಲ್ಲಿಸಿದಾಗ ಗೋಡೆಗಳು ಒಂದು ಕ್ಷಣ ಹಾಡಿ ಸುಮ್ಮನಾಗುತ್ತವೆ. 1941ರ ಮೇ ತಿಂಗಳ ಬಾಂಬ್ ದಾಳಿಯಲ್ಲಿ ಕ್ವೀನ್ಸ್ ಹಾಲ್ ಸುಟ್ಟುಹೋಯಿತು. ಮತ್ತೆ ಕಟ್ಟಲಿಲ್ಲ. ಆ ಗೋಡೆಗಳು ಈಗ ಇರುವುದು ಇಂಥ ತಟ್ಟೆಗಳಲ್ಲಿ ಮಾತ್ರ, ಮೇಳ ಬಾಯಿ ಮುಚ್ಚಿದ ಮೇಲಿನ ಒಂದೂವರೆ ಸೆಕೆಂಡಿನಲ್ಲಿ.

ಮೇ 22

ಇಷ್ಟು ದೂರದ ಸಂಗೀತಕ್ಕೂ ಮೈಸೂರಿಗೂ ಏನು ಸಂಬಂಧ ಅನ್ನುವವರಿಗೆ ನಾನು ಒಂದು ತಾರೀಖು ಹೇಳುತ್ತೇನೆ. ರೆಕ್ವಿಯೆಮ್ ಮೊದಲು ಹಾಡಿದ್ದು 1874ರ ಮೇ 22ರಂದು, ಮಿಲಾನಿನ ಸಂತ ಮಾರ್ಕನ ಚರ್ಚಿನಲ್ಲಿ. ವೆರ್ಡಿ ಬಹಳ ಗೌರವಿಸುತ್ತಿದ್ದ ಲೇಖಕ ಮಂಝೋನಿಯ ವರ್ಷಾಬ್ದಿಕಕ್ಕೆ. ಮರುವರ್ಷ ವೆರ್ಡಿ ತಾನೇ ಲಂಡನ್ನಿಗೆ ಹೋಗಿ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಅದನ್ನು ನಡೆಸಿಕೊಟ್ಟ. ಈಗ 75 ವರ್ಷ ಮುಂದಕ್ಕೆ ಬನ್ನಿ. ಅದೇ ಆಲ್ಬರ್ಟ್ ಹಾಲ್, 1950ರ ಮೇ 22. ಜರ್ಮನಿಯ ಸಂಗೀತಗಾರ ರಿಚರ್ಡ್ ಸ್ಟ್ರೌಸ್ ತೀರಿಕೊಂಡು ವರ್ಷ ತುಂಬಿಲ್ಲ. ಅವನ ಕೊನೆಯ ನಾಲ್ಕು ಹಾಡುಗಳನ್ನು ಗಾಯಕಿ ಕರ್ಸ್ಟನ್ ಫ್ಲಾಗ್‌ಸ್ಟಾಟ್ ಮೊದಲ ಬಾರಿಗೆ ಹಾಡುತ್ತಾರೆ, ಫುರ್ಟ್‌ವೆಂಗ್ಲರ್ ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ನಡೆಸುತ್ತಾನೆ. ಆ ಕಛೇರಿಗೆ 4,800 ಡಾಲರ್‌ಗಳ ಖಾತರಿ ಕೊಟ್ಟವರು ನಮ್ಮ ಜಯಚಾಮರಾಜೇಂದ್ರ ಒಡೆಯರು. ತಾವು ಹೋಗಲು ಆಗಲಿಲ್ಲ. ಅದಕ್ಕೇ ಅದನ್ನು ಧ್ವನಿಮುದ್ರಿಸಿ ಮೈಸೂರಿಗೆ ಕಳಿಸಬೇಕು ಎಂಬುದು ಒಪ್ಪಂದ. ಆಗ ಅವರ ಸಂಗ್ರಹದಲ್ಲಿ ಸುಮಾರು 20,000 ರೆಕಾರ್ಡುಗಳಿದ್ದವಂತೆ.

ಶ್ರೀವಿದ್ಯಾ ಅಂಕಿತದ ಕೃತಿಗಳ ಮೂಲಕ ನಾವು ಒಡೆಯರನ್ನು ಬಲ್ಲೆವು, ಆ ಮಾತು ಬೇಡ. ರಷ್ಯದ ಮೆಟ್ನರನ ಸಂಗೀತ ಜಗತ್ತು ಮರೆಯುತ್ತಿದ್ದಾಗ ಅವನ ಕೈಯಿಂದಲೇ ನುಡಿಸಿ ರೆಕಾರ್ಡು ಮಾಡಿಸಲು ದುಡ್ಡು ಕೊಟ್ಟರು, ಅವನು ತನ್ನ ಮೂರನೆಯ ಪಿಯಾನೋ ಕಾನ್ಸರ್ಟೋವನ್ನು ಇವರಿಗೆ ಅರ್ಪಿಸಿದ ಎನ್ನುವುದೂ ಅನೇಕರಿಗೆ ಗೊತ್ತು. ನನ್ನನ್ನು ಕಾಡುವುದು ಆ 1950ರ ಒಪ್ಪಂದ. ಮೂವತ್ತೊಂದು ದಾಟದ ಒಬ್ಬ ಕೇಳುಗ, ಕಛೇರಿಗೆ ಹೋಗಲಾಗದ್ದಕ್ಕೆ, ಆ ರಾತ್ರಿಯನ್ನೇ ಇಲ್ಲಿಗೆ ಕಳಿಸಿ ಅಂದರು. ಅಟ್ಟದ ಮೇಲೆ ಯಂತ್ರ ಇಟ್ಟ ಮನೆಯಲ್ಲಿ ಬೆಳೆದವನಿಗೆ ಇದು ಸಣ್ಣ ವಿಷಯವಲ್ಲ. ಇವತ್ತು ಕೇಳಸಿಗುವ ಆ ಧ್ವನಿಮುದ್ರಣ ಬಹಳ ಸವೆದಿದೆ. ಗೀರಿನ ಮಳೆಯ ಹಿಂದೆ ಫ್ಲಾಗ್‌ಸ್ಟಾಟ್ ಹಾಡುತ್ತಾರೆ. ಹಾಡಿನ ಕೊನೆಯ ಸಾಲು ಒಂದು ಪ್ರಶ್ನೆ: ಇದೇ ಸಾವೇನೋ? ಅದು ಸಮೂಹಗಾನವಲ್ಲ, ರೆಕ್ವಿಯೆಮ್ಮೂ ಅಲ್ಲ. ಆದರೂ ನನ್ನ ನೋಟ್‌ಬುಕ್ಕಿನ ಹಿಂಬದಿಯ ಪುಟದಲ್ಲಿ ಅದಕ್ಕೊಂದು ಸಾಲು ಕೊಟ್ಟಿದ್ದೇನೆ. ಪ್ರತಿ ವರ್ಷ ಮೇ 22ರ ಸಂಜೆ ಮೊದಲು ಇದನ್ನು, ಆಮೇಲೆ ರೆಕ್ವಿಯೆಮ್ ಹಾಕುತ್ತೇನೆ. ಬೇಸಿಗೆ ರಜೆ, ಹೊರಗೆ ಮಾವಿನ ಹಣ್ಣಿನ ಗಾಡಿಯವನು ಕೂಗುತ್ತಿರುತ್ತಾನೆ.

ಇಲ್ಲದ ಹದಿನಾರು

ಸಂಗ್ರಹಕಾರರು ಒಬ್ಬರಿಗೊಬ್ಬರು ಬರೆಯುವಾಗ ‘ಬೇಕಾಗಿದೆ’ ಎಂಬ ಪಟ್ಟಿಯೊಂದು ಇರುತ್ತದೆ. ನನ್ನ ಪಟ್ಟಿಯ ಮೇಲ್ತುದಿಯಲ್ಲಿ ಇರುವವು ಯಾರಿಂದಲೂ ಸಿಗದಂಥವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾತ್ಸಿಗಳು ಯೆಹೂದಿಗಳನ್ನು ಕೂಡಿಹಾಕಿದ್ದ ಟೆರೆಜಿನ್ ಎಂಬ ಊರಿನಲ್ಲಿ ರಫಾಯೆಲ್ ಶೆಖ್ಟರ್ ಎಂಬ ಕೈದಿ ಈ ರೆಕ್ವಿಯೆಮ್ ಕಲಿಸಿದ. ಸ್ವರಪುಸ್ತಕ ಇದ್ದದ್ದು ಒಂದೇ ಪ್ರತಿ. ವಾದ್ಯವೃಂದದ ಬದಲು ಒಂದು ಪಿಯಾನೋ. ಸುಮಾರು 150 ಜನ ದಿನವಿಡೀ ದುಡಿದು ಬಂದು ನೆಲಮಾಳಿಗೆಯಲ್ಲಿ ಲ್ಯಾಟಿನ್ ಪದಗಳನ್ನು ಬಾಯಿಪಾಠ ಮಾಡಿದರು. ಹಾಡಿದ ಸ್ವಲ್ಪ ದಿನಕ್ಕೆ ಮೇಳದ ಬಹುಪಾಲು ಜನರನ್ನು ರೈಲಿಗೆ ಹತ್ತಿಸಿ ಪೂರ್ವಕ್ಕೆ ಸಾಗಿಸಿದರು. ಶೆಖ್ಟರ್ ಹೊಸಬರನ್ನು ಕೂಡಿಸಿ ಮತ್ತೆ ಕಲಿಸಿದ. ಅವರನ್ನೂ ಸಾಗಿಸಿದರು. ಮತ್ತೆ ಕಲಿಸಿದ. ಒಟ್ಟು 16 ಸಲ ಹಾಡಿದರು. ಕೊನೆಯದು 1944ರ ಜೂನ್‌ನಲ್ಲಿ, ರೆಡ್ ಕ್ರಾಸಿನವರು ಬಂದಾಗ. ಅಕ್ಟೋಬರಿನಲ್ಲಿ ಶೆಖ್ಟರ್‌ನನ್ನೂ ಆಶ್ವಿಟ್ಜ್‌ನ ಸಾವಿನ ಶಿಬಿರಕ್ಕೆ ಕಳಿಸಿದರು. ಅವನು ತಿರುಗಿ ಬರಲಿಲ್ಲ.

ಆ 16ರಲ್ಲಿ ಒಂದು ಸೆಕೆಂಡಿನ ಸದ್ದೂ ಉಳಿದಿಲ್ಲ. ನಾನು ಒಂದೊಂದು ಸಲ 1940ರ ನ್ಯೂಯಾರ್ಕ್ ಕೇಳುವಾಗ, 29ರ ಪ್ರಾಯದ ಯೂಸ್ಸಿ ಬ್ಯೋರ್ಲಿಂಗ್ ಹಾಡುವ ಆ ಜಾಗದಲ್ಲಿ, ಟೆರೆಜಿನ್‌ನಲ್ಲಿ ಇದನ್ನು ಯಾರು ಹಾಡಿದರೋ, ಎರಡನೆಯ ಮೇಳದಲ್ಲಿ ಯಾರು, ಮೂರನೆಯದರಲ್ಲಿ ಯಾರು ಎಂದುಕೊಳ್ಳುತ್ತೇನೆ. ಲಿಬೆರಾ ಮೇ, ನನ್ನನ್ನು ಬಿಡಿಸು, ಅನ್ನುವ ಎರಡು ಪದಗಳನ್ನು ಅವರು ಯಾವ ದನಿಯಲ್ಲಿ ಅಂದಿರಬಹುದು? ನನ್ನ ಹತ್ತಿರ ಇರುವ 37 ಒಂದು ಕಡೆ, ಆ 16 ಒಂದು ಕಡೆ. ಪಕ್ಕದಲ್ಲಿ ನಮ್ಮ ಜಗುಲಿಯ ಒಂದು ರಾತ್ರಿ. ಅವೆರಡನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ. ತಾತ ತುಂಬು ಬಾಳು ಬಾಳಿ ಹೋದವರು. ಆದರೆ ನನ್ನ ಮನಸ್ಸಿನಲ್ಲಿ ಖಾಲಿ ಸಾಲುಗಳು ಹಾಗೆ ಒಟ್ಟಿಗೆ ಕೂತಿವೆ.

ಅಂಕಲ್ ಹಾಡಿದ್ದು

ಕಳೆದ ನವೆಂಬರಿನಲ್ಲಿ ಗೆಳೆಯನ ಅಪ್ಪನನ್ನು ನೋಡಲು ಹೋಗಿದ್ದೆ. ಗೆಳೆಯ ಹೊರದೇಶದಲ್ಲಿ. ಮನೆಯಲ್ಲಿ ಅಂಕಲ್, ಆಂಟಿ ಇಬ್ಬರೇ. ಅಂಕಲ್‌ಗೆ 84. ಇಷ್ಟು ವರ್ಷದಲ್ಲಿ ಎಷ್ಟು ಸಲ ಹೋಗಿದ್ದೆನೋ, ಕ್ಯಾಸೆಟ್ಟಿನ ಬಗ್ಗೆ ನೆಟ್ಟಗೆ ಕೇಳಿದ್ದು ಆವತ್ತೇ. ಜೇಬಿನಿಂದ ತೆಗೆದು ಕೈಗೆ ಕೊಟ್ಟೆ. ಕನ್ನಡಕ ಹಣೆಗೆ ಏರಿಸಿ ಪೆನ್ಸಿಲ್ ಅಕ್ಷರ ನೋಡಿದರು. “ಇದು ನನ್ನ ಬರವಣಿಗೆ ಅಲ್ಲಪ್ಪಾ. ಫಾದರ್ ಒಬ್ರು ಇದ್ರು, ಅವರ ಊರಿನ ರೇಡಿಯೋದಿಂದ ಹಿಡಿದು ಯಾರೋ ಅವರಿಗೆ ಕಳಿಸ್ತಿದ್ರು. ಯಾವ ಊರೋ... ಅವರೂ ಹೋದ್ರು.” ಅಷ್ಟೇ. ರೇಡಿಯೋದ್ದು ಎಂಬುದೊಂದು ಗೊತ್ತಾಯಿತು. ನನಗೆ ನಿರಾಸೆಯಾದದ್ದು ಮುಖದಲ್ಲಿ ಕಂಡಿರಬೇಕು. ಕ್ಯಾಸೆಟ್ಟನ್ನು ತಿರುಗಿಸುತ್ತ, “ಇದು ದೊಡ್ಡವರ ಸಂಗೀತ ಕಣೋ. ನಾವು ಹಾಡ್ತಿದ್ದಿದ್ದು ಬೇರೆ ಡಿಯೆಸ್ ಈರೇ. ವಾದ್ಯ ಗೀದ್ಯ ಏನಿಲ್ಲ. ಸಾವಿನ ಪೂಜೆಗೆ. ಮತ್ತೆ ಈ ತಿಂಗಳು, ಎರಡನೇ ತಾರೀಖು, ಸತ್ತವರ ಹಬ್ಬದ ದಿನ” ಅಂದರು.

ಪದ ಅದೇ. ಹದಿಮೂರನೆಯ ಶತಮಾನದಿಂದ ಬಂದ ಆ ಪದಕ್ಕೇ ವೆರ್ಡಿ ನಗಾರಿ ಕಟ್ಟಿದ್ದು. ಇವರು ಹುಡುಗರಾಗಿ ಹಾಡುತ್ತಿದ್ದದ್ದು ಅದರ ಹಳೆಯ ಒಂಟಿಧಾಟಿ. ಪೂಜೆ ಲ್ಯಾಟಿನ್‌ನಿಂದ ನಮ್ಮ ಭಾಷೆಗಳಿಗೆ ಬಂತು, 1970ರ ಹೊತ್ತಿಗೆ ಸಾವಿನ ಪೂಜೆಯಿಂದ ಆ ಪದವನ್ನೇ ಕೈಬಿಟ್ಟರು. ಅರ್ಥವಾಗುವ ಭಾಷೆಯಲ್ಲಿ ಪ್ರಾರ್ಥಿಸುವುದು ಒಳ್ಳೆಯದೇ, ಅಂಕಲ್ ಕೂಡ ಹಾಗೇ ಅನ್ನುತ್ತಾರೆ. 175 ಅಡಿಯ ಆ ಎರಡು ಗೋಪುರಗಳ ಕೆಳಗೆ ಹತ್ತೋ ಹನ್ನೆರಡೋ ಹುಡುಗರು ಅದನ್ನು ಹಾಡಿದ್ದು ಮಾತ್ರ ಯಾವ ತಟ್ಟೆಯಲ್ಲೂ ಇಲ್ಲ. ನನಗೆ ಅಷ್ಟು ವರ್ಷ ಹೊಳೆದಿರಲಿಲ್ಲ. ಟ್ರಂಕಿನ ಕ್ಯಾಸೆಟ್ಟುಗಳ ಹಿಂದೆ ಬಿದ್ದಿದ್ದೆ, ಟ್ರಂಕಿನ ಯಜಮಾನರು ಎದುರಿಗೇ ಕೂತಿದ್ದರು. “ಅಂಕಲ್, ಸ್ವಲ್ಪ ಹೇಳ್ತೀರಾ?” ಅಂದು ಫೋನಿನ ಕೆಂಪು ಗುಂಡಿ ಒತ್ತಿ ಟೀಪಾಯಿಯ ಮೇಲೆ, ಅವರ ಮಾತ್ರೆ ಡಬ್ಬಿಯ ಪಕ್ಕ ಇಟ್ಟೆ.

ಗಂಟಲು ಸರಿಮಾಡಿಕೊಂಡರು. ಕೈ ತಾನಾಗಿ ಮಂಡಿಯ ಮೇಲೆ ಬಂತು. ‘ಡಿಯೆಸ್ ಈರೇ, ಡಿಯೆಸ್ ಇಲ್ಲಾ.’ ದನಿ ನಡುಗಿತು, ಧಾಟಿ ನಡುಗಲಿಲ್ಲ. ಎರಡನೇ ನುಡಿಯೂ ಸರಾಗವಾಗಿ ಬಂತು. ಅಡಿಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯಿತು. ಮೂರನೆಯದಕ್ಕೆ ಬಾಯಿ ತೆಗೆದವರು ನಿಂತರು. ಕಣ್ಣು ಮುಚ್ಚಿದರು. ತುಟಿ ಅಲ್ಲಾಡುತ್ತಿತ್ತು, ಪದ ಬರುತ್ತಿಲ್ಲ. ನನಗೆ ಆ ಪದ ಗೊತ್ತಿತ್ತು, 37 ಸಲ ಗೊತ್ತಿತ್ತು, ಆದರೆ ಹೇಳಿಕೊಡಲು ಮನಸ್ಸು ಬರಲಿಲ್ಲ. ಆಗ ಅಡಿಗೆಮನೆಯಿಂದ ಆಂಟಿ, ಸಾರಿಗೆ ಉಪ್ಪು ಸಾಕಾ ಅನ್ನುವ ದನಿಯಲ್ಲಿ, “ಟೂಬಾ ಮೀರುಮ್” ಅಂದರು.

“ನಿಂಗ್ಹೆಂಗೆ ನೆನಪು?”

“ಕಾನ್ವೆಂಟಲ್ಲಿ ನಾವೂ ಹಾಡ್ತಿರ್ಲಿಲ್ವಾ?”

ಅಂಕಲ್ ನಕ್ಕರು. ಮಾಡಿದ್ದನ್ನು ಕೇಳಿಸು ಅಂದರು. ಕೇಳಿಸಿದೆ. 2 ನಿಮಿಷ 10 ಸೆಕೆಂಡು. ತಲೆ ಅಲ್ಲಾಡಿಸಿ, “ಶುರುವಲ್ಲೇ ಶ್ರುತಿ ಕೆಳಗೆ ಹಿಡಿದುಬಿಟ್ಟೆ, ಇದು ಬೇಡ. ಅಳಿಸಿಬಿಡು, ಇನ್ನೊಂದ್ಸಲ ಹೇಳ್ತೀನಿ” ಅಂದರು. ನಾನು ಹೂಂ ಅಂದೆ, ಅಳಿಸಲಿಲ್ಲ. ಹೊಸದಾಗಿ ಗುಂಡಿ ಒತ್ತಿದೆ. ಈ ಸಲ ಅವರು ಒಂದು ಮನೆ ಮೇಲಿನಿಂದ ಎತ್ತಿಕೊಂಡರು. ಎರಡನೇ ಸಾಲಿಗೆ ಹೋಗುವಷ್ಟರಲ್ಲಿ ಆಂಟಿ ಸ್ಟೌ ಆರಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. ಅಲ್ಲಿಂದಲೇ ಸೇರಿಕೊಂಡರು, ಅದೇ ಧಾಟಿ, ಒಂದು ಸ್ಥಾಯಿ ಮೇಲೆ. ಅಂಕಲ್‌ಗೆ ಉಸಿರು ಸಾಲದೇ ಹೋದಲ್ಲಿ ಅವರು ಕಾಯುತ್ತಿದ್ದರು.